ಎರಡು ಪುಸ್ತಕ, ಒಂದೇ ಲೆಕ್ಕ

ರಾಯಚೂರು
ಏಪ್ರಿಲ್ 6, 2025, ಭಾನುವಾರ

ಈ ಸಲ ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಎರಡೂ ಒಂದೇ ದಿನ, 16ಕ್ಕೆ. ಒಂದೊಂದಕ್ಕೂ 60 ಪ್ರಶ್ನೆ, 80 ನಿಮಿಷ. ಮೇ 4ಕ್ಕೆ ನೀಟ್. ಅಣ್ಣನ ಮಗಳು ಎರಡನ್ನೂ ಬರೆಯುತ್ತಿದ್ದಾಳೆ. ನಾನು ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವನು, ಮೇಷ್ಟ್ರಲ್ಲ. ಆದರೂ ಭಾನುವಾರ ಬಂತೆಂದರೆ ಪುಸ್ತಕದ ಚೀಲ ಹೊತ್ತು ನಮ್ಮ ಮನೆಗೇ ಬರುತ್ತಾಳೆ. ಟ್ಯೂಷನ್‌ನಲ್ಲಿ ಕೇಳಲು ನಾಚಿಕೆಯಾಗುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಕೇಳಬಹುದಲ್ವಾ.

ಇವತ್ತಿನ ಮೊದಲ ಪ್ರಶ್ನೆ ಅಂಥದ್ದೇ.

"ಕಾಕಾ, ಫಿಸಿಕ್ಸ್‌ನ್ಯಾಗ ಮೈನಸ್ ಅದ, ಕೆಮಿಸ್ಟ್ರಿನ್ಯಾಗ ಪ್ಲಸ್ ಅದ. ಯಾವ್ದು ಖರೆ?"

ಥರ್ಮೋಡೈನಮಿಕ್ಸ್‌ನ ಮೊದಲ ನಿಯಮದ ವಿಷಯ. ಫಿಸಿಕ್ಸ್ ಪುಸ್ತಕದಲ್ಲಿ ಆಂತರಿಕ ಶಕ್ತಿಯ ಬದಲಾವಣೆ ಎಂದರೆ ಶಾಖದಿಂದ ಕೆಲಸವನ್ನು ಕಳೆಯಬೇಕು. ಕೆಮಿಸ್ಟ್ರಿ ಪುಸ್ತಕದಲ್ಲಿ ಶಾಖಕ್ಕೆ ಕೆಲಸವನ್ನು ಕೂಡಿಸಬೇಕು. ಎರಡೂ ಖರೇನೇ. ಫಿಸಿಕ್ಸ್‌ನವರು ಇಂಜಿನ್ ಮುಂದೆ ನಿಂತು "ಅನಿಲ ನನಗೆ ಎಷ್ಟು ಕೆಲಸ ಮಾಡಿಕೊಟ್ಟಿತು" ಎಂದು ಕೇಳುತ್ತಾರೆ. ಕೆಮಿಸ್ಟ್ರಿಯವರು ಪಾತ್ರೆಯೊಳಗೆ ಕೂತು "ನನ್ನೊಳಗೆ ಏನೇನು ಬಂತು" ಎಂದು ಕೇಳುತ್ತಾರೆ. ಅನಿಲಕ್ಕೆ 500 ಜೂಲ್ ಶಾಖ ಕೊಟ್ಟಿರಿ, ಅದು ಹಿಗ್ಗಿ ಪಿಸ್ಟನ್ ತಳ್ಳಿ 200 ಜೂಲ್ ಕೆಲಸ ಮಾಡಿತು ಅಂದುಕೊಳ್ಳಿ. ಫಿಸಿಕ್ಸ್‌ನಲ್ಲಿ ಕೆಲಸ +200, ಅದನ್ನು ಕಳೆಯಬೇಕು. ಕೆಮಿಸ್ಟ್ರಿಯಲ್ಲಿ ಕೆಲಸ −200, ಅದನ್ನು ಕೂಡಿಸಬೇಕು. ಎರಡೂ ಕಡೆ ಒಳಗೆ ಉಳಿದದ್ದು 300 ಜೂಲ್.

ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನನಗೆ ಒಂದು ವಿಷಯ ಹೊಳೆಯಿತು. ಮಕ್ಕಳು ರಿವಿಜನ್ ಹೆಸರಿನಲ್ಲಿ ಒಂದೇ ಪಾಠವನ್ನು ಎರಡೆರಡು ಸಲ ಬಾಯಿಪಾಠ ಮಾಡುತ್ತಿದ್ದಾರೆ. ಎರಡು ನೋಟ್‌ಬುಕ್, ಎರಡು ಬಣ್ಣದ ಪೆನ್ನು, ಇಬ್ಬರು ಸರ್. ಒಳಗಿರುವ ಲೆಕ್ಕ ಮಾತ್ರ ಒಂದೇ. ಕೆಮಿಸ್ಟ್ರಿ ಮೋಲ್ ಲೆಕ್ಕದಲ್ಲಿ, ಅಂದರೆ ಕಣಗಳ ಒಂದು ದೊಡ್ಡ ಗಂಟಿನ ಲೆಕ್ಕದಲ್ಲಿ ಎಣಿಸುತ್ತದೆ, ಫಿಸಿಕ್ಸ್ ಒಂದೊಂದೇ ಕಣ ಎಣಿಸುತ್ತದೆ, ಅಷ್ಟೇ. ಸಗಟು ಅಂಗಡಿ, ಚಿಲ್ಲರೆ ಅಂಗಡಿ ಇದ್ದ ಹಾಗೆ.

ಆದ್ದರಿಂದ ಇವತ್ತು ಎರಡೂ ಪುಸ್ತಕ ಪಕ್ಕಪಕ್ಕ ತೆರೆದಿಟ್ಟುಕೊಂಡು ಕೂತೆವು. ಮೊದಲು ಸ್ಥಿರಾಂಕಗಳು. ಆದರ್ಶ ಅನಿಲದ ಸಮೀಕರಣದಲ್ಲಿ ಬರುವ 8.314 ಕೆಮಿಸ್ಟ್ರಿಯದು. ಬೋಲ್ಟ್ಸ್‌ಮನ್ ಸ್ಥಿರಾಂಕ 1.38 × 10⁻²³ ಫಿಸಿಕ್ಸ್‌ನದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸು ಎಂದೆ. ಭಾಗಿಸಿದಳು. 6.02 × 10²³ ಬಂತು. ಅವೊಗಾಡ್ರೋ ಸಂಖ್ಯೆ, ಒಂದು ಮೋಲ್‌ನಲ್ಲಿರುವ ಕಣಗಳ ಎಣಿಕೆ! ಅವಳ ಮುಖ ನೋಡಬೇಕಿತ್ತು. ಎರಡು ವರ್ಷದಿಂದ ಈ ಮೂರನ್ನೂ ಬೇರೆ ಬೇರೆ ಗೋಡೆಗೆ ಅಂಟಿಸಿಕೊಂಡು ಓದಿದವಳು.

ಆಮೇಲೆ ಒಂದು ಎಲೆಕ್ಟ್ರಾನಿನ ಚಾರ್ಜ್, 1.602 × 10⁻¹⁹ ಕೂಲಂಬ್. ಅದನ್ನು ಅವೊಗಾಡ್ರೋ ಸಂಖ್ಯೆಯಿಂದ ಗುಣಿಸಿದರೆ ಸುಮಾರು 96,500 ಕೂಲಂಬ್. ಅದೇ ಫ್ಯಾರಡೇ. ಅಂದರೆ ಒಂದು ಮೋಲ್ ಎಲೆಕ್ಟ್ರಾನುಗಳ ಒಟ್ಟು ಚಾರ್ಜ್. ಇಷ್ಟು ತಿಳಿದರೆ ಇನ್ನೊಂದು ದಾರಿಯೂ ತೆರೆಯುತ್ತದೆ. ಒಂದು ಕಣಕ್ಕೆ 1 ಎಲೆಕ್ಟ್ರಾನ್ ವೋಲ್ಟ್ (ಒಂದು ಎಲೆಕ್ಟ್ರಾನ್ 1 ವೋಲ್ಟ್ ದಾಟಿದಾಗ ಸಿಗುವ ಶಕ್ತಿ) ಎಂದರೆ ಒಂದು ಮೋಲ್‌ಗೆ 96.5 ಕಿಲೋಜೂಲ್. ಫಿಸಿಕ್ಸ್‌ನಲ್ಲಿ ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು ಎಂದು ಓದುತ್ತಾರೆ. ಕೆಮಿಸ್ಟ್ರಿಯ ಪಟ್ಟಿಯಲ್ಲಿ ಅದೇ ಹೈಡ್ರೋಜನ್‌ನ ಅಯನೀಕರಣ ಶಕ್ತಿ ಮೋಲ್‌ಗೆ 1312 ಕಿಲೋಜೂಲ್ ಎಂದಿರುತ್ತದೆ. 13.6 ಅನ್ನು 96.5ರಿಂದ ಗುಣಿಸಿ ನೋಡಿ.

ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ಮಕ್ಕಳಿಗೆ ಜಾಸ್ತಿ ಭಯ. ನನಗನ್ನಿಸುವ ಮಟ್ಟಿಗೆ ಅದರಷ್ಟು ಸುಲಭದ ಅಂಕ ಇನ್ನೆಲ್ಲೂ ಇಲ್ಲ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ 2 ಆಂಪಿಯರ್ ಕರೆಂಟು 965 ಸೆಕೆಂಡು ಹರಿದರೆ ಎಷ್ಟು ತಾಮ್ರ ಕೂರುತ್ತದೆ? ಕರೆಂಟು ಗುಣಿಸು ಕಾಲ, 1930 ಕೂಲಂಬ್. ಇಲ್ಲಿಯವರೆಗೆ ಫಿಸಿಕ್ಸ್. 96,500ರಿಂದ ಭಾಗಿಸಿದರೆ 0.02 ಮೋಲ್ ಎಲೆಕ್ಟ್ರಾನ್. ಒಂದು ತಾಮ್ರದ ಅಯಾನಿಗೆ ಎರಡು ಎಲೆಕ್ಟ್ರಾನ್ ಬೇಕು, ಹಾಗಾಗಿ 0.01 ಮೋಲ್ ತಾಮ್ರ, ಅಂದರೆ 0.635 ಗ್ರಾಂ. ಫಾರ್ಮುಲಾ ಒಂದೂ ನೆನಪಿಡಬೇಕಾಗಿಲ್ಲ. ಗಿಬ್ಸ್ ಶಕ್ತಿಯ, ಅಂದರೆ ಸೆಲ್‌ನಿಂದ ಕೆಲಸಕ್ಕೆ ಸಿಗುವ ಶಕ್ತಿಯ ಸೂತ್ರವೂ ಅಷ್ಟೇ, ಚಾರ್ಜ್ ಗುಣಿಸು ವೋಲ್ಟೇಜ್. ಸತು-ತಾಮ್ರದ ಡೇನಿಯಲ್ ಸೆಲ್ 1.10 ವೋಲ್ಟ್, ಎರಡು ಮೋಲ್ ಎಲೆಕ್ಟ್ರಾನ್, ಸುಮಾರು 212 ಕಿಲೋಜೂಲ್. ಮುಂದಿರುವ ಮೈನಸ್ ಚಿಹ್ನೆ ಕೆಮಿಸ್ಟ್ರಿಯವರ ಅದೇ ಹಳೇ ಅಭ್ಯಾಸ. ಶಕ್ತಿ ಒಳಗಿನಿಂದ ಹೊರಗೆ ಹೋಯಿತು ಎಂದು ಅರ್ಥ.

ಮಧ್ಯಾಹ್ನ ಬಿಸಿಲು ಏರಿತು. ಏಪ್ರಿಲ್‌ನ ರಾಯಚೂರು, ಹೇಳುವುದೇ ಬೇಡ. ಫ್ಯಾನಿನ ಗಾಳಿಯೂ ಒಲೆಯ ಮುಂದಿನ ಗಾಳಿಯೇ. ರಾಮನವಮಿಯ ಪಾನಕ ಬಂತು, ಮಣ್ಣಿನ ಗಡಿಗೆಯ ನೀರಿನಲ್ಲಿ ಮಾಡಿದ್ದು. ಗಡಿಗೆಯ ಹೊರಮೈ ಒದ್ದೆಯಾಗಿತ್ತು. ಅದನ್ನೇ ಪ್ರಶ್ನೆ ಮಾಡಿಕೊಂಡೆವು.

ನೀರು ಆವಿಯಾಗಲು ಬೇಕಾದ ಶಾಖ ಫಿಸಿಕ್ಸ್ ಪುಸ್ತಕದಲ್ಲಿ ಕಿಲೋಗ್ರಾಂಗೆ 22.6 ಲಕ್ಷ ಜೂಲ್. ಕೆಮಿಸ್ಟ್ರಿ ಪುಸ್ತಕದಲ್ಲಿ ಮೋಲ್‌ಗೆ ಸುಮಾರು 40.7 ಕಿಲೋಜೂಲ್. ಒಂದು ಮೋಲ್ ನೀರು 18 ಗ್ರಾಂ. 40.7 ಅನ್ನು 18ರಿಂದ ಭಾಗಿಸಿದರೆ ಗ್ರಾಂಗೆ 2.26 ಕಿಲೋಜೂಲ್. ಮತ್ತೆ ಅದೇ ಸಂಖ್ಯೆ. ಈಗ ಗಡಿಗೆಯಲ್ಲಿ 5 ಲೀಟರ್ ನೀರಿದೆ ಅಂದುಕೊಳ್ಳಿ. ಹತ್ತೇ ಗ್ರಾಂ ನೀರು ಹೊರಮೈಯಿಂದ ಆವಿಯಾಗಿ ಹೋದರೂ 22.6 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತದೆ. 5 ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗಲು ಸುಮಾರು 21 ಕಿಲೋಜೂಲ್ ಹೋದರೆ ಸಾಕು. ಹತ್ತು ಗ್ರಾಂಗೆ ಒಂದು ಡಿಗ್ರಿಗಿಂತ ತುಸು ಜಾಸ್ತಿಯೇ ಆಯಿತು.

"ಹಂಗಾರ ಅರ್ಧ ಲೀಟರ್ ಆವಿಯಾದ್ರ ಬರ್ಫ ಆಗ್ಬೇಕಲ್ಲ?" ಎಂದಳು.

ಒಳ್ಳೆಯ ಪ್ರಶ್ನೆ. ಪರೀಕ್ಷೆಯಲ್ಲಿ ಕೇಳದಿದ್ದರೂ ಒಳ್ಳೆಯ ಪ್ರಶ್ನೆ. ಗಡಿಗೆ ತಣ್ಣಗಾದಷ್ಟೂ ಹೊರಗಿನ ಬಿಸಿ ಗಾಳಿಯಿಂದ ಶಾಖ ಒಳಗೆ ನುಗ್ಗುತ್ತದೆ. ಹೋಗುವುದೂ ಬರುವುದೂ ಸಮ ಆದಲ್ಲಿ ಉಷ್ಣತೆ ನಿಲ್ಲುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಬೇಗ ಆಗುತ್ತದೆ, ನೀರು ಇನ್ನೂ ತಣ್ಣಗಾಗುತ್ತದೆ. ಅದಕ್ಕೇ ಹುಲ್ಲಿನ ಪ್ಯಾಡಿನ ಕೂಲರ್ ನಮ್ಮ ಊರಿನಲ್ಲಿ ನಡೆಯುತ್ತದೆ, ಮಂಗಳೂರಿನಲ್ಲಿ ನಡೆಯುವುದಿಲ್ಲ. ಡೈನಾಮಿಕ್ ಈಕ್ವಿಲಿಬ್ರಿಯಂ ಎನ್ನುವ ದೊಡ್ಡ ಹೆಸರಿನ ಪಾಠಕ್ಕೂ ಇಲ್ಲಿಂದಲೇ ಹೋದೆವು.

ಈಕ್ವಿಲಿಬ್ರಿಯಂ ಬಂದರೆ ನಾನು ಸುಮ್ನೆ ಇರುವವನಲ್ಲ, ಅದು ನನ್ನ ಅನ್ನ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದುಗಟ್ಟಿದವರನ್ನು ನೋಡದವರು ಇಲ್ಲಿ ಕಡಿಮೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ. ಬೇರೆ ನೀರು ಸಿಗದಿದ್ದರೆ 1.5ರವರೆಗೆ ಬಿಡುತ್ತಾರೆ. 1.5 ಮಿಲಿಗ್ರಾಂ ಎಂದರೆ ಎಷ್ಟು ಮೋಲ್? ಫ್ಲೋರಿನ್ 19, ಆದ್ದರಿಂದ ಸುಮಾರು 0.08 ಮಿಲಿಮೋಲ್. ಪಿಪಿಎಂನಿಂದ (ಲೀಟರಿಗೆ ಮಿಲಿಗ್ರಾಂ) ಮೊಲಾರಿಟಿಗೆ (ಲೀಟರಿಗೆ ಮೋಲ್) ಹೋಗುವುದನ್ನು ಬಾಯಿಪಾಠ ಮಾಡುವ ಬದಲು ಹೀಗೆ ಒಂದು ಸಲ ಮಾಡಿದರೆ ಸಾಕು.

ಇದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಬೇರೆ. ಸೋಪು ಚೆನ್ನಾಗಿ ನೊರೆ ಬರುವ ನೀರು ಒಳ್ಳೆಯ ನೀರು ಎಂದು ಜನ ನಂಬುತ್ತಾರೆ. ನೊರೆ ಬಂತೆಂದರೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಡಿಮೆ. ಆದರೆ ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಬಹಳ ಕಡಿಮೆ ಕರಗುವ ಲವಣ. ಕ್ಯಾಲ್ಸಿಯಂನ ಸಾಂದ್ರತೆಯನ್ನು ಫ್ಲೋರೈಡ್ ಸಾಂದ್ರತೆಯ ವರ್ಗದಿಂದ ಗುಣಿಸಿದರೆ ಬರುವ ಬೆಲೆ ಸಾಲ್ಯುಬಿಲಿಟಿ ಪ್ರಾಡಕ್ಟ್ ಎನ್ನುವ ನಿಗದಿತ ಮಿತಿ ದಾಟುವಂತಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ದರೆ ಫ್ಲೋರೈಡ್ ಏರಲು ಅದು ಬಿಡುವುದಿಲ್ಲ. ಕಾಮನ್ ಅಯಾನ್ ಪರಿಣಾಮ ಎಂದರೆ ಇದೇ. ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಮಣ್ಣಿನಲ್ಲಿ ಕೂತು ನೀರಿನಿಂದ ಹೊರಬಿದ್ದಿತೋ, ಕಲ್ಲಿನಿಂದ ಬರುವ ಫ್ಲೋರೈಡ್‌ಗೆ ತಡೆ ಇಲ್ಲ. ಕ್ಯಾಲ್ಸಿಯಂ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಫ್ಲೋರೈಡ್ ಎರಡು ಪಟ್ಟಿನವರೆಗೆ ಏರಬಹುದು. ನಾಲ್ಕು ಪಟ್ಟು ಯಾಕಲ್ಲ ಎಂದರೆ ಆ ವರ್ಗ ಇದೆಯಲ್ಲ, ಅದಕ್ಕೆ. ಹಾಗಾಗಿ ನೊರೆ ನೋಡಿ ನೀರು ಕುಡಿಯಬೇಡಿ, ಪರೀಕ್ಷೆ ಮಾಡಿಸಿ ಕುಡಿಯಿರಿ. ಇದನ್ನು ಸಿಇಟಿ ಬರೆಯದವರಿಗೂ ಹೇಳುತ್ತಿದ್ದೇನೆ.

ಸಂಜೆ ಕಾರ್ನೋ ಇಂಜಿನ್, ಎರಡು ಉಷ್ಣತೆಗಳ ನಡುವೆ ಶಾಖದಿಂದ ಅತಿ ಹೆಚ್ಚು ಕೆಲಸ ತೆಗೆಯುವ ಆದರ್ಶ ಇಂಜಿನ್. ಇದಕ್ಕೆ ಉದಾಹರಣೆ ಹುಡುಕಬೇಕೇ? ಕೃಷ್ಣಾ ದಂಡೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ ಇದೆ. 1985ರಲ್ಲಿ ಮೊದಲ ಘಟಕ ಶುರುವಾಗಿ ಈಗ ಎಂಟು ಘಟಕ, ಒಟ್ಟು 1720 ಮೆಗಾವ್ಯಾಟ್. ಇಂಥ ಸ್ಥಾವರಗಳಲ್ಲಿ ಉಗಿ ಸುಮಾರು 540 ಡಿಗ್ರಿಗೆ ಟರ್ಬೈನ್ ಹೊಗುತ್ತದೆ. ಕಂಡೆನ್ಸರ್ 45 ಡಿಗ್ರಿ ಇದೆ ಎಂದಿಟ್ಟುಕೊಂಡು ಗರಿಷ್ಠ ದಕ್ಷತೆ ತೆಗಿ ಎಂದೆ. ಅವಸರದಲ್ಲಿ 45 ಅನ್ನು 540ರಿಂದ ಭಾಗಿಸಿ ಒಂದರಿಂದ ಕಳೆದಳು. 92 ಪರ್ಸೆಂಟ್! ಕೆಲ್ವಿನ್‌ಗೆ ಬದಲಿಸಿದರೆ 318 ಮತ್ತು 813, ದಕ್ಷತೆ 61 ಪರ್ಸೆಂಟ್. ಪ್ರಶ್ನೆ ತೆಗೆಯುವವರು 92 ಅನ್ನೂ ಒಂದು ಆಯ್ಕೆಯಾಗಿ ಇಟ್ಟೇ ಇರುತ್ತಾರೆ, ಅವರೂ ಒಂದು ಕಾಲದಲ್ಲಿ ವಿದ್ಯಾರ್ಥಿಗಳೇ. ನಿಜವಾದ ಸ್ಥಾವರ ಈ 61ರ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ಘರ್ಷಣೆ ಇದೆ, ಸೋರಿಕೆ ಇದೆ, ಮತ್ತೆ ಅದು ಕಾರ್ನೋ ಚಕ್ರವೂ ಅಲ್ಲ.

ಕೆಮಿಸ್ಟ್ರಿ ಪುಸ್ತಕದ ಅನಿಲದ ಲೆಕ್ಕದಲ್ಲೂ ಇದೇ ಗುಂಡಿ. ಡಿಗ್ರಿ ಕಂಡ ತಕ್ಷಣ 273 ಕೂಡಿಸುವುದು ಕೈಗೆ ಅಭ್ಯಾಸವಾಗಬೇಕು. ಉಷ್ಣತೆಯ ವ್ಯತ್ಯಾಸ ಮಾತ್ರ ಕೇಳಿದ್ದರೆ ಕೂಡಿಸುವ ಕೆಲಸವಿಲ್ಲ.

ಒಂದು ಹೊಟ್ಟೆಉರಿ ಹೇಳಿಕೊಳ್ಳುತ್ತೇನೆ. ಅದಿರಿನಿಂದ ಲೋಹ ತೆಗೆಯುವ ಅಧ್ಯಾಯವನ್ನು ಎನ್‌ಸಿಇಆರ್‌ಟಿ ಪುಸ್ತಕದಿಂದ ಕಿತ್ತುಹಾಕಿದ್ದಾರೆ. ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆ ನಮ್ಮದು, ಪಕ್ಕದ ಬಳ್ಳಾರಿಯಲ್ಲಿ ಸಂಡೂರಿನ ಹೆಮಟೈಟ್. ಈ ಭಾಗದ ಮಕ್ಕಳಿಗೆ ಆ ಪಾಠವೇ ಇಲ್ಲ. ಆದರೂ ಚಿನ್ನ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ, ಕೋಆರ್ಡಿನೇಷನ್ ಕಾಂಪೌಂಡ್ಸ್ ಅಧ್ಯಾಯದಲ್ಲಿ. ಸೈನೈಡ್ ದ್ರಾವಣದಲ್ಲಿ, ಗಾಳಿಯ ಆಮ್ಲಜನಕ ಇದ್ದರೆ, ಚಿನ್ನ ಕರಗುತ್ತದೆ. ಒಂದು ಚಿನ್ನಕ್ಕೆ ಎರಡು ಸೈನೈಡ್, ಇಡೀ ಅಯಾನಿಗೆ ಒಂದು ಋಣ ಚಾರ್ಜ್. ಚಿನ್ನದ ಆಕ್ಸಿಡೇಷನ್ ಸಂಖ್ಯೆ ಎಷ್ಟು? +1. ಆಕಾರ? ನೇರ ಗೆರೆ. ಡಿ ಆರ್ಬಿಟಲ್ ಪೂರ್ತಿ ತುಂಬಿದೆ, ಹಾಗಾಗಿ ಡಯಾಮ್ಯಾಗ್ನೆಟಿಕ್, ಅಂದರೆ ಅಯಸ್ಕಾಂತ ಅದನ್ನು ಎಳೆಯುವುದಿಲ್ಲ. ಒಂದೇ ಅಯಾನಿನಲ್ಲಿ ಮೂರು ಪ್ರಶ್ನೆಗೆ ಉತ್ತರ ಸಿಕ್ಕಿತು.

ಸಿಲೆಬಸ್ ಮಾತು ಬಂದಾಗ ಅವಳಿಗೆ 2024ರ ಸಿಇಟಿಯ ಚಿಂತೆ. ಆಗ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದ್ದರು. ಮತ್ತೆ ಹಾಗಾದರೆ ಅಂತ ಹಳೇ ಅಧ್ಯಾಯಗಳನ್ನೂ ಓದಬೇಕಾ ಎಂದು ಕೇಳಿದಳು. ಬೇಡ ಎಂದೆ. ಸಿಇಟಿಯಲ್ಲಿ ಮೈನಸ್ ಅಂಕ ಇಲ್ಲ, ಅಂಥ ಪ್ರಶ್ನೆಗೂ ಒಂದು ಗುರುತು ಹಾಕಿ ಮುಂದೆ ಹೋಗಬಹುದು. ಗುರುತು ಹಾಕುವ ಮುಂಚೆ ಯೂನಿಟ್ ನೋಡಬೇಕು. ಉತ್ತರ ಜೂಲ್‌ನಲ್ಲಿ ಬರಬೇಕಿದ್ದರೆ, ನಾಲ್ಕು ಆಯ್ಕೆಗಳಲ್ಲಿ ಒಂದೆರಡು ಅಲ್ಲೇ ಬಿದ್ದುಹೋಗುತ್ತವೆ. ನೀಟ್‌ನ ಕಥೆ ಬೇರೆ. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಟ್. ಅಲ್ಲಿ ಪೂರ್ತಿ ಕತ್ತಲಲ್ಲಿ ಕಲ್ಲು ಹೊಡೆಯದಿರುವುದೇ ಲೇಸು.

ಮೇಲೆ ಬರೆದದ್ದರಲ್ಲಿ ಆರ್ಗ್ಯಾನಿಕ್ ಒಂದಕ್ಷರವೂ ಇಲ್ಲ ಎಂದು ಯಾರಾದರೂ ಕೇಳಬಹುದು. ಅದು ಈ ದಾರಿಗೆ ಬಗ್ಗುವುದಿಲ್ಲ. ಆಲ್ಫಾ ಹೈಡ್ರೋಜನ್ ಇದ್ದರೆ ಆಲ್ಡಾಲ್ ಕ್ರಿಯೆ, ಇಲ್ಲದಿದ್ದರೆ ಕ್ಯಾನಿಝಾರೋ ಕ್ರಿಯೆ ಎನ್ನುವಷ್ಟು ನನಗೂ ನೆನಪಿದೆ. ಉಳಿದದ್ದನ್ನು ಬೆಳಗಿನ ಜಾವ ತಂಪಿನಲ್ಲಿ ಬರೆದು ಬರೆದೇ ಕಲಿಯಬೇಕು. ಅವಳೂ ಹಾಗೇ ಮಾಡುತ್ತಿದ್ದಾಳಂತೆ. ಮುಂದಿನ ಭಾನುವಾರ ಫೋಟೋಎಲೆಕ್ಟ್ರಿಕ್ ಪರಿಣಾಮ ಮತ್ತು ಬೋರ್ ಮಾದರಿ ಇಟ್ಟುಕೊಂಡಿದ್ದೇವೆ. 1240 ಅನ್ನು ಬೆಳಕಿನ ತರಂಗಾಂತರದ ನ್ಯಾನೋಮೀಟರ್‌ನಿಂದ ಭಾಗಿಸಿದರೆ ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಸಿಗುತ್ತದೆ ಎನ್ನುವುದನ್ನು ಮಾತ್ರ ಇವತ್ತೇ ಬರೆಸಿ ಕಳಿಸಿದೆ. ಆ 1240 ಎಲ್ಲಿಂದ ಬಂತು ಎಂದು ಅವಳೇ ಲೆಕ್ಕ ಮಾಡಿಕೊಂಡು ಬರಬೇಕು.