ಕೋಳಿಗೆ ಮೊಳಕೆ ಕಾಳು: ಬೂಷ್ಟು ಬರುವ ಮೊದಲೇ ಮಾಡಬೇಕಾದ ಕೆಲಸ

ಮೊಳಕೆ ಟ್ರೇಯಲ್ಲಿ ನಾಲ್ಕನೇ ದಿನ ಕಾಣುವ ಬೂಷ್ಟು ಅವತ್ತು ಬಂದದ್ದಲ್ಲ. ಮೊದಲ ದಿನ ನೆನೆಹಾಕಿದ ಸತ್ತ ಕಾಳು, ಒಡೆದ ಕಾಳಿನ ಮೇಲೆ ಅದು ಆಗಲೇ ಬೇರು ಬಿಟ್ಟಿರುತ್ತದೆ. ಆದ್ದರಿಂದ ಕೋಳಿ ಫಾರ್ಮಿನಲ್ಲಿ ಮೊಳಕೆ ಕೋಣೆ ನೋಡಿಕೊಳ್ಳುವವರ ಕೆಲಸ ಅರ್ಧಕ್ಕರ್ಧ ನೀರು ಮುಟ್ಟುವ ಮೊದಲೇ ಮುಗಿಯಬೇಕು. ಔಷಧಿ ಹುಡುಕುವವರಿಗೆ ಈ ಮಾತು ರುಚಿಸುವುದಿಲ್ಲ, ಆದರೂ ಹೇಳಲೇಬೇಕು.

ಜೀವ ಇರುವ ಕಾಳು ಮೊಳೆಯುವಾಗ ತನ್ನನ್ನು ತಾನು ಒಂದಷ್ಟು ಕಾಪಾಡಿಕೊಳ್ಳುತ್ತದೆ. ಮೊಳೆಯದ ಕಾಳಿನಲ್ಲಿ ಆ ಶಕ್ತಿ ಇಲ್ಲ. ನೀರಿಗೆ ಬಿದ್ದ ಕೂಡಲೇ ಅದರ ಪಿಷ್ಟ, ಸಕ್ಕರೆ ಹೊರಗೆ ಸೋರಿ ಬೂಷ್ಟಿಗೆ ಊಟವಾಗುತ್ತದೆ. ಅದರಿಂದ ಪಕ್ಕದ ಒಳ್ಳೆಯ ಕಾಳಿಗೂ ನೂಲು ಹಬ್ಬುತ್ತದೆ. ಹೀಗಾಗಿ ಯಶವಂತಪುರ ಎಪಿಎಂಸಿ ಯಾರ್ಡಿನಲ್ಲೋ ಹತ್ತಿರದ ಮಂಡಿಯಲ್ಲೋ ಗೋಧಿ ಮೂಟೆ ಕೊಳ್ಳುವಾಗ ಮೇಲಿನ ಹಿಡಿ ಕಾಳು ನೋಡಿ ಒಪ್ಪಬೇಡಿ. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ. ಒಳಗೆ ಬೆಚ್ಚಗೆ ತಾಕಿದರೆ, ಮುಗ್ಗಲು ವಾಸನೆ ಬಂದರೆ, ಆ ಚೀಲ ಎಷ್ಟು ಅಗ್ಗವಾದರೂ ಬೇಡ. ಗುಲಾಬಿ ಅಥವಾ ಕೆಂಪು ಬಣ್ಣ ಬಳಿದ ಬಿತ್ತನೆ ಬೀಜವನ್ನಂತೂ ಕೋಳಿಯ ಹತ್ತಿರವೂ ತರಬಾರದು. ಅದಕ್ಕೆ ಥೈರಾಮ್‌ನಂಥ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಥೈರಾಮ್ ತಿಂದ ಕೋಳಿಯ ಕಾಲು ಸೊಟ್ಟಗಾಗುತ್ತದೆ, ಮೊಟ್ಟೆಯ ಚಿಪ್ಪು ಮೆತ್ತಗಾಗುತ್ತದೆ. ತೊಳೆದರೆ ಹೋಗುತ್ತದೆ ಎಂದುಕೊಳ್ಳುವುದು ತಪ್ಪು.

ಹೊಸ ಮೂಟೆ ಬಂದಾಗಲೆಲ್ಲ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ದಿನ ಇಡಿ. 90ರ ಮೇಲೆ ಮೊಳೆತರೆ ಸರಿ. 85ಕ್ಕಿಂತ ಕೆಳಗಿದ್ದರೆ, ಕಾಳು ಚೊಕ್ಕಟವಾಗಿದ್ದರೆ ಒಣಗಿದ್ದನ್ನೇ ಮೇವಿಗೆ ಹಾಕಿ, ಮೊಳಕೆಗೆ ಬೇಡ. ಆಮೇಲೆ ಜರಡಿ ಹಿಡಿದು ನುಚ್ಚು ತೆಗೆಯಿರಿ, ಮೊರದಲ್ಲಿ ಕೇರಿ ಹೊಟ್ಟು ಹಾರಿಸಿ, ಬಕೆಟ್ ನೀರಿಗೆ ಸುರಿದು ತೇಲುವ ಜೊಳ್ಳನ್ನು ಪೂರ್ತಿ ಎತ್ತಿಬಿಡಿ. ಮುಸುಕಿನ ಜೋಳದಲ್ಲಿ ಈ ಕೆಲಸ ಕಷ್ಟ, ಏಕೆಂದರೆ ಯಂತ್ರದಲ್ಲಿ ಬಿಡಿಸಿದಾಗ ಬಿರುಕು ಬಿಟ್ಟ ಕಾಳು ಬಹಳ ಇರುತ್ತದೆ. ಅಲ್ಲದೆ ಹೊಲದಲ್ಲೇ ಬೂಷ್ಟು ಹತ್ತಿಸಿಕೊಂಡು ಬರುವುದೂ ಉಂಟು. ರಾಗಿ ತೀರಾ ಸಣ್ಣದು, ಒಂದಕ್ಕೊಂದು ಒತ್ತಿ ಕೂತು ಗಾಳಿ ಆಡಲು ಬಿಡುವುದಿಲ್ಲ. ಹೊಸದಾಗಿ ಶುರು ಮಾಡುವವರಿಗೆ ಗೋಧಿಯೇ ಸುಲಭ. ಬಿಳಿ ಜೋಳವನ್ನು ಬೂಷ್ಟಿನ ಕಾರಣಕ್ಕಲ್ಲ, ಬೇರೆ ಕಾರಣಕ್ಕೆ ಬಿಡಬೇಕು: ಅದರ ಎಳೆ ಮೊಳಕೆಯಲ್ಲಿ ಸಯನೈಡ್ ಹೊರಬಿಡುವ ಧುರಿನ್ ಇರುತ್ತದೆ.

ಇನ್ನು ಕ್ಲೋರಿನ್ ನೀರು. ಮೊದಲು ಕಾಳನ್ನು ಮೂರು ನಾಲ್ಕು ಸಲ ತೊಳೆದು ಮಣ್ಣು ಬಿಡಿಸಿಕೊಳ್ಳಿ, ಏಕೆಂದರೆ ಕೊಳೆ ಇದ್ದರೆ ಕ್ಲೋರಿನ್ ಶಕ್ತಿಯೆಲ್ಲ ಆ ಕೊಳೆಯ ಮೇಲೇ ಖರ್ಚಾಗುತ್ತದೆ. 10 ಲೀಟರ್ ನೀರಿಗೆ 30 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕದಡಿ, ಗಸಿ ಕೆಳಗೆ ಕೂತ ಮೇಲೆ ತಿಳಿನೀರನ್ನು ಮಾತ್ರ ಬಳಸಿ. ದ್ರವ ರೂಪದ ಸೋಡಿಯಂ ಹೈಪೋಕ್ಲೋರೈಟ್ 4–5 ಶೇಕಡದ್ದು ಸಿಕ್ಕರೆ ಅದೇ 10 ಲೀಟರಿಗೆ 200ರಿಂದ 250 ಮಿಲಿ ಸಾಕು. ಎರಡರಲ್ಲೂ ಹತ್ತಿರ ಹತ್ತಿರ ಶೇ. 0.1 ಕ್ಲೋರಿನ್ ಸಿಗುತ್ತದೆ. ಅದರಲ್ಲಿ ಕಾಳು 20ರಿಂದ 30 ನಿಮಿಷ ಇರಲಿ, ಮತ್ತೆ ವಾಸನೆ ಹೋಗುವವರೆಗೆ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ತೆರೆದಿಟ್ಟ ಹಳೆಯ ಬ್ಲೀಚಿಂಗ್ ಪುಡಿಯಲ್ಲಿ ಕಸುವು ಉಳಿದಿರುವುದಿಲ್ಲ. ಮುಚ್ಚಳ ತೆಗೆದಾಗ ಮೂಗಿಗೆ ಘಾಟು ಹೊಡೆಯದಿದ್ದರೆ ಹೊಸದು ತನ್ನಿ. ಈ ನೀರಿಗೆ ವಿನೆಗರ್, ನಿಂಬೆರಸ, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದನ್ನೂ ಸೇರಿಸಬಾರದು, ವಿಷಗಾಳಿ ಏಳುತ್ತದೆ. ಇಷ್ಟೆಲ್ಲ ಮಾಡಿದರೂ ಸಾಯುವುದು ಸಿಪ್ಪೆಯ ಮೇಲಿರುವ ಬೂಷ್ಟಿನ ಬೀಜಕಣ ಮಾತ್ರ. ಬಿರುಕಿನೊಳಗೆ ಸೇರಿಕೊಂಡದ್ದು ಹಾಗೇ ಇರುತ್ತದೆ. ಕಾಳು ಆರಿಸುವುದರ ಮೇಲೆ ಅಷ್ಟು ಒತ್ತಿ ಹೇಳಿದ್ದು ಅದಕ್ಕೇ.

ಗೋಧಿ 8ರಿಂದ 10 ಗಂಟೆ ನೆನೆದರೆ ಸಾಕು, ನಡುವೆ ಒಮ್ಮೆ ನೀರು ಬದಲಿಸಿ. ಏಪ್ರಿಲ್ ಬಿಸಿಲಿನಲ್ಲಿ 6–7 ಗಂಟೆಗೇ ಮುಗಿಸಿ. ಹೆಚ್ಚು ಹೊತ್ತು ಬಿಟ್ಟರೆ ಕಾಳಿಗೆ ಉಸಿರುಕಟ್ಟಿ ಮೊಳಕೆಯ ಕಣ್ಣೇ ಸಾಯುತ್ತದೆ, ನೀರಿನ ಮೇಲೆ ನೊರೆ ಕಟ್ಟಿ ಹುಳಿ ವಾಸನೆ ಬರುತ್ತದೆ.

ಟ್ರೇಯಲ್ಲಿ ಎಲ್ಲರೂ ಎಡವುವುದು ಕಾಳಿನ ದಪ್ಪದಲ್ಲಿ. ಮೊಳೆಯುವ ಕಾಳು ಉಸಿರಾಡುತ್ತದೆ, ಉಸಿರಾಡುತ್ತಾ ಬಿಸಿಯಾಗುತ್ತದೆ. ರಾಶಿ ದಪ್ಪವಾದರೆ ಆ ಬಿಸಿ ಹೊರಗೆ ಹೋಗದೆ ಒಳಗೇ ಕುದಿಯುತ್ತದೆ. ಒಂದು ಅಡಿಗೆ ಎರಡು ಅಡಿ ಟ್ರೇಗೆ ಒಣ ಗೋಧಿ 600 ಗ್ರಾಂ ಮೀರಬಾರದು. ನೆನೆದ ಮೇಲೆ ಅದು ಒಂದು ಸೆಂಟಿಮೀಟರಿಗಿಂತ ತೆಳ್ಳಗೆ ಹರಡುತ್ತದೆ. ಕಡ್ಡಿ ಥರ್ಮಾಮೀಟರ್ ಒಂದು ಇಟ್ಟುಕೊಂಡು ಕಾಳಿನ ನಡುವೆ ಚುಚ್ಚಿ ನೋಡಿ. ಕೋಣೆಗಿಂತ 3–4 ಡಿಗ್ರಿ ಹೆಚ್ಚು ತೋರಿಸಿದರೆ ಮರುದಿನದಿಂದ ಕಾಳು ಕಡಿಮೆ ಹಾಕಿ. ಕೋಣೆ 20ರಿಂದ 25 ಡಿಗ್ರಿ ಇದ್ದರೆ ಮೊಳಕೆಗೆ ಹಿತ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವರ್ಷದ ಬಹುಭಾಗ ಇದಕ್ಕೆ ಹತ್ತಿರದ ಹವೆಯೇ ಸಿಗುತ್ತದೆ, ಇದು ನಮ್ಮ ಪುಣ್ಯ. ಆದರೆ ತಾರಸಿಯ ಮೇಲೆ ಶೀಟು ಹೊದಿಸಿದ ಕೋಣೆಯಲ್ಲಿ ಮೊಳಕೆ ಇಟ್ಟರೆ ಆ ಪುಣ್ಯ ಕೈಬಿಡುತ್ತದೆ. ನೆಲಮಹಡಿಯಲ್ಲಿ, ಉತ್ತರಕ್ಕೆ ಕಿಟಕಿ ಇರುವ ಕೋಣೆ ಆರಿಸಿಕೊಳ್ಳಿ. ಕೋಳಿಮನೆಯೊಳಗಾಗಲಿ, ಮೇವು ದಾಸ್ತಾನಿಡುವ ಕಡೆಯಾಗಲಿ ಬೇಡ, ಅಲ್ಲಿನ ಧೂಳಿನಲ್ಲೇ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣ ತುಂಬಿರುತ್ತದೆ.

ತೇವ ಬೇಕು, ನಿಂತ ನೀರು ಬೇಡ. ಗೋಧಿಗೆ 2 ಮಿಲಿಮೀಟರ್ ತೂತು, ಟ್ರೇಯ ಒಂದು ತುದಿ ಒಂದಂಗುಲ ಎತ್ತರ, ತಗ್ಗಿನ ತುದಿಯಲ್ಲಿ ತೂತು ಹೆಚ್ಚು. ದಿನಕ್ಕೆ ಮೂರು ಸಲ ನೀರು ಹಾಯಿಸಿ, ಬೇಸಿಗೆಯಲ್ಲಿ ನಾಲ್ಕು ಸಲ. ಹಾಯಿಸಿದ ಹತ್ತು ನಿಮಿಷಕ್ಕೆ ಟ್ರೇ ಎತ್ತಿ ಅಲುಗಿಸಿದರೆ ಹನಿ ಬೀಳಬಾರದು. ಕೊನೆಯ ನೀರು ಸಂಜೆ ಆರರೊಳಗೆ ಆಗಲಿ, ತಣ್ಣನೆಯ ರಾತ್ರಿಯಿಡೀ ಒದ್ದೆ ಮುದ್ದೆಯಾಗಿ ಇರುವುದು ಒಳ್ಳೆಯದಲ್ಲ. ಒದ್ದೆ ಗೋಣಿಚೀಲ ಹೊದಿಸುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ಗೋಣಿಯ ನಾರಿನೊಳಗಿನ ಬೂಷ್ಟನ್ನು ತೊಳೆದು ತೆಗೆಯಲಾಗದು. ಹೊದಿಸಲೇಬೇಕಿದ್ದರೆ ದಿನಾ ಕುದಿಸಿ ಒಣಗಿಸಿದ ಹತ್ತಿ ಬಟ್ಟೆ, ಅದೂ ಮೊದಲ ದಿನ ಮಾತ್ರ. ಜೂನ್‌ನಿಂದ ಅಕ್ಟೋಬರ್‌ವರೆಗೆ ಜಿಟಿಜಿಟಿ ಮಳೆ ಹಿಡಿದ ದಿನಗಳಲ್ಲಿ ಸಣ್ಣ ಫ್ಯಾನನ್ನು ಗೋಡೆಯ ಕಡೆ ತಿರುಗಿಸಿ ನಿಧಾನಕ್ಕೆ ಓಡಿಸಿ, ಟ್ರೇಗೆ ಇನ್ನೂ 100 ಗ್ರಾಂ ಕಾಳು ಕಡಿಮೆ ಮಾಡಿ.

ನೀರಿನ ಮಾತೂ ಇದೆ. ಸಿಂಟೆಕ್ಸ್ ಟ್ಯಾಂಕಿನ ತಳದಲ್ಲಿ ಪಾಚಿ ಇದ್ದರೆ ಮೇಲಿನ ಶ್ರಮವೆಲ್ಲ ವ್ಯರ್ಥ. ಬೋರ್‌ವೆಲ್ ಗಡಸು ನೀರು ಟ್ರೇ ಮೇಲೆ ಬಿಳಿ ಪೊರೆ ಕಟ್ಟಿಸುತ್ತದೆ, ಆ ಒರಟಿನಲ್ಲಿ ಲೋಳೆ ಕೂರುತ್ತದೆ. ವಾರಕ್ಕೊಮ್ಮೆ ವಿನೆಗರ್ ಹಚ್ಚಿ ಉಜ್ಜಿ, ಪೂರ್ತಿ ತೊಳೆದ ಮೇಲಷ್ಟೇ ಕ್ಲೋರಿನ್ ನೀರಿಗೆ ಇಳಿಸಿ.

ಈಗ ಮುಖ್ಯವಾದ ವಿಷಯ, ಎಷ್ಟು ದಿನ ಬೆಳೆಸಬೇಕು. ಹಸುವಿಗೆ ಬೆಳೆಸುವಂತೆ ಎಂಟು ದಿನದ ಹಸಿರು ಚಾಪೆ ಕೋಳಿಗೆ ಬೇಡ. ಕೋಳಿಗೆ ಅಷ್ಟೊಂದು ನಾರು ಅರಗುವುದಿಲ್ಲ, ಉದ್ದ ಬೇರಿನ ಗಂಟು ಕತ್ತಿನ ಕೆಳಗಿನ ಮೇವಿನ ಚೀಲದಲ್ಲಿ ಸಿಕ್ಕಿಕೊಳ್ಳಲೂಬಹುದು. ತೂಕ ಐದಾರು ಪಟ್ಟು ಏರಿದಂತೆ ಕಂಡರೂ ಅದು ನೀರಿನ ತೂಕ. ಒಣ ಸಾರಾಂಶ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಗುತ್ತದೆ. ಬೂಷ್ಟು ಜೋರಾಗುವುದೂ ಐದನೇ ದಿನದಿಂದಲೇ. ಮೂರನೇ ದಿನ, ಹೆಚ್ಚೆಂದರೆ ನಾಲ್ಕನೇ ದಿನ ಮೊಳಕೆ ಕಾಳಿನುದ್ದ ಆದಾಗ ತಿನ್ನಿಸಿಬಿಡಿ. 100 ಮೊಟ್ಟೆ ಕೋಳಿಗೆ ದಿನಕ್ಕೆ 2 ಕೆಜಿ ಮೊಳಕೆ, ಅಂದರೆ ಒಣ ಗೋಧಿ ಸುಮಾರು 1 ಕೆಜಿ, ಎರಡು ಟ್ರೇ. ನಾಲ್ಕು ದಿನದ ಸರದಿಗೆ ಎಂಟು ಟ್ರೇ, ತೊಳೆದು ಒಣಗುತ್ತಿರಲು ಇನ್ನೆರಡು. ಗಿರಿರಾಜ ತಳಿ ಇರಲಿ, ಸ್ವರ್ಣಧಾರ ತಳಿ ಇರಲಿ, ಮೊಟ್ಟೆ ಕೋಳಿಗೆ ಕೊಡುವ ಲೇಯರ್ ಮೇವು ಎಂದಿನಂತೆ ಮುಂದುವರಿಯಬೇಕು. ಮೊಳಕೆಯಿಂದ ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ಸಿಗುವುದಿಲ್ಲ.

ಎರಡನೇ ದಿನ ಬೇರಿನ ಸುತ್ತ ಬಿಳಿ ರೋಮ ಕಂಡು ಹೆದರಿ ಟ್ರೇ ಚೆಲ್ಲುವವರಿದ್ದಾರೆ. ಅದು ಬೇರಿನದೇ ರೋಮ: ಪ್ರತಿ ಬೇರಿಗೂ ಒಂದೇ ಸಮನಾಗಿ ಇರುತ್ತದೆ, ನೀರು ಹಾಯಿಸಿದರೆ ಅಂಟಿಕೊಂಡು ಕಾಣದಾಗುತ್ತದೆ, ವಾಸನೆ ಇರುವುದಿಲ್ಲ. ಬೂಷ್ಟಾದರೆ ಅಲ್ಲಲ್ಲಿ ತೇಪೆ, ಕಾಳಿನಿಂದ ಕಾಳಿಗೆ ಬಲೆ, ಮುಗ್ಗಲು ವಾಸನೆ. ಬೂದು ನೂಲಿನ ಮೇಲೆ ಕಪ್ಪು ಚುಕ್ಕಿ ಇದ್ದರೆ ಸಾಮಾನ್ಯವಾಗಿ ರೈಜೋಪಸ್ ಎಂಬ ಬೂಷ್ಟು, ಹಳದಿ ಹಸಿರು ಪುಡಿಯಾದರೆ ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುವ ಆಸ್ಪರ್ಜಿಲಸ್ ಫ್ಲೇವಸ್ ಇರಬಹುದು. ಯಾವುದೆಂದು ತಿಳಿದುಕೊಳ್ಳಲು ಕಾಯಬೇಡಿ, ಇಡೀ ಟ್ರೇ ತೆಗೆಯಿರಿ. ಕಂಡಷ್ಟು ಕಿತ್ತು ಉಳಿದದ್ದನ್ನು ಹಾಕುವುದು, ತೊಳೆದು ಹಾಕುವುದು, ಬಿಸಿಲಿಗೆ ಒಣಗಿಸಿ ಹಾಕುವುದು, ಮೂರೂ ಸಲ್ಲ. ಅಫ್ಲಾಟಾಕ್ಸಿನ್ ಬಿಸಿಲಿಗೂ ಬೇಯಿಸಿದರೂ ಪೂರ್ತಿ ಹೋಗದೆ ಕೋಳಿಯ ಪಿತ್ತಜನಕಾಂಗ ಕೆಡಿಸುತ್ತದೆ. ಬೀಜಕಣ ಉಸಿರಿನಲ್ಲಿ ಹೋದರೆ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ, ಆ ಹಂತದಲ್ಲಿ ಹೆಚ್ಚೇನೂ ಮಾಡಲಾಗುವುದಿಲ್ಲ.

ಕೆಟ್ಟ ಟ್ರೇ ಎತ್ತುವ ಮೊದಲು ಮೂಗಿಗೆ ಮಾಸ್ಕ್ ಹಾಕಿಕೊಂಡು ಕಾಳಿಗೆ ನೀರು ಚಿಮುಕಿಸಿ, ಪುಡಿ ಹಾರುವುದಿಲ್ಲ. ತಿಪ್ಪೆಗೆ ಎಸೆದರೆ ಕೋಳಿ ಕೆದಕಿ ತಿನ್ನುತ್ತದೆ, ಗುಂಡಿಯಲ್ಲಿ ಹೂತು ಮಣ್ಣು ಮುಚ್ಚಿ. ಟ್ರೇಯನ್ನು ಸೋಪು ಹಾಕಿ ತೂತುಗಳನ್ನೂ ಬ್ರಷ್‌ನಿಂದ ಉಜ್ಜಿ, ಕ್ಲೋರಿನ್ ನೀರಿನಲ್ಲಿ 15 ನಿಮಿಷ ಮುಳುಗಿಸಿ, ತೊಳೆದು, ಒಂದು ಇಡೀ ದಿನ ಬಿಸಿಲಲ್ಲಿ ಬೋರಲು ಹಾಕಿ. ಅದರ ಅಕ್ಕಪಕ್ಕ ಇದ್ದ ಟ್ರೇಗಳ ಮೊಳಕೆಯನ್ನು ಎರಡು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳದೆ ಬೇಗ ಖಾಲಿ ಮಾಡಿ, ಅದೇ ಮೂಟೆಯಿಂದ ಮತ್ತೆ 100 ಕಾಳು ಎಣಿಸಿ ಬಟ್ಟೆಯಲ್ಲಿ ಕಟ್ಟಿ ನೋಡಿ.