ಕಡಂಗದ ಬದಿಯ ಕಲ್ಲು

ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನೇ ನೆಡಿಸಿದ ಗಡಿ ಕಲ್ಲನ್ನು ಮರುದಿನ ನಾನೇ ಕೀಳಿಸಿದ್ದೇನೆ. ಸರ್ವೆಯಿಂದಲೇ ಹೊಟ್ಟೆ ಹೊರೆಯುವವನು ಹೇಳಿಕೊಳ್ಳುವ ಸಂಗತಿಯಲ್ಲ.

ಕಡಂಗದ, ಅಂದರೆ ಹಳೆಯ ಕಂದಕದ, ಅಂಚು, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಆಗಷ್ಟೇ ನಿಂತ ಮಳೆ. ಉಪಗ್ರಹಗಳ ಸಂಕೇತ ಹಿಡಿದು ಜಾಗ ಹೇಳುವ ರೋವರ್ ಮುಕ್ಕಾಲು ಗಂಟೆ 'ಫ್ಲೋಟ್' (ಇನ್ನೂ ಖಚಿತವಿಲ್ಲ) ತೋರಿಸಿ, ಇದ್ದಕ್ಕಿದ್ದಂತೆ 'ಫಿಕ್ಸ್' (ಜಾಗ ಖಚಿತ) ಎಂದಿತು. "ಆಯಿತಲ್ಲ, ಕಲ್ಲು ಹಾಕಿಸಿ" ಎಂದರು ಯಜಮಾನರು. ಹಾಕಿಸಿದೆ. ಬೆಳಿಗ್ಗೆ, ಉಪಗ್ರಹದ ಹಂಗಿಲ್ಲದೆ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಇಟ್ಟು ನೋಡಿದರೆ ಕಲ್ಲು ಒಂದೂವರೆ ಮೀಟರ್ ಆಚೆ, ಪಕ್ಕದ ತೋಟದಲ್ಲಿ! ಯಜಮಾನರು ನಕ್ಕರು, ಪಕ್ಕದವರು ನಗಲಿಲ್ಲ.

ಯಂತ್ರ ಕೆಟ್ಟಿರಲಿಲ್ಲ. ಜಿಪಿಎಸ್ ಉಪಗ್ರಹಗಳಿರುವುದು 20,200 ಕಿಲೋಮೀಟರ್ ಎತ್ತರದಲ್ಲಿ. ಮೊದಲೇ ಕ್ಷೀಣವಾದ ಸಂಕೇತ ಒದ್ದೆ ಎಲೆಗಳಲ್ಲಿ ಇನ್ನಷ್ಟು ಸೊರಗುತ್ತದೆ, ಕಾಂಡಗಳಿಗೆ ಬಡಿದು ಅಡ್ಡದಾರಿಯಲ್ಲಿ ಬರುತ್ತದೆ. ಉಪಗ್ರಹಕ್ಕೂ ನಮಗೂ ನಡುವೆ ಸುಮಾರು 19 ಸೆಂಟಿಮೀಟರ್ ಉದ್ದದ ಅಲೆಗಳು ಎಷ್ಟಿವೆ ಎಂದು ರೋವರ್ ಎಣಿಸಬೇಕು. ಎಣಿಕೆ ತಪ್ಪಿದರೂ 'ಫಿಕ್ಸ್' ಎಂದೇ ತೋರಿಸಬಲ್ಲದು. ತಪ್ಪು ಬಯಲಾಗಬೇಕಾದರೆ ಉಪಗ್ರಹಗಳು ಆಕಾಶದಲ್ಲಿ ಜಾಗ ಬದಲಿಸಬೇಕು. ಅವುಗಳಿಗೆ ಒಂದು ಸುತ್ತಿಗೆ ಹತ್ತಿರ ಹತ್ತಿರ 12 ಗಂಟೆ ಬೇಕು. ಹಾಗಾಗಿ ಈಗ ಮರದಡಿ ಒಮ್ಮೆ ಅಳೆದು, ಎರಡು ಗಂಟೆ ಬಿಟ್ಟು ಮೊದಲಿನಿಂದ ಅಳೆಯುತ್ತೇನೆ. ಎರಡೂ ತಾಳೆಯಾದರೆ ಮಾತ್ರ ಗುಂಡಿ ತೋಡಿಸುವುದು. ಆಳುಗಳ ಕೂಲಿ ಏರುತ್ತದೆ, ಗೊಣಗಾಟವೂ.

ಈ ಕಾಯುವಿಕೆಯನ್ನೇ ತಗ್ಗಿಸಬಲ್ಲವು ಕೆಳ ಕಕ್ಷೆಯ ಉಪಗ್ರಹಗಳು. 600 ಕಿಲೋಮೀಟರ್ ಎತ್ತರದ್ದು ಹತ್ತು ಹನ್ನೆರಡು ನಿಮಿಷದಲ್ಲಿ ನೆತ್ತಿ ದಾಟಿ ಹೋಗುತ್ತದೆ. ನಾನು ಎರಡು ಗಂಟೆ ಕಾಯುವ ಬದಲಾವಣೆ ಒಂದು ಕಾಫಿ ಮುಗಿಯುವುದರೊಳಗೆ ಆಗುತ್ತದೆ. ಅದೇ ಶಕ್ತಿಯಲ್ಲಿ ಪ್ರಸಾರ ಮಾಡಿದರೆ ಸಂಕೇತವೂ ಸುಮಾರು ಸಾವಿರ ಪಟ್ಟು ಬಲವಾಗಿರುತ್ತದೆ. ಯೋಚನೆ ಹಳೆಯದೇ: 1964ರಲ್ಲಿ ಅಮೆರಿಕದ ನೌಕಾಪಡೆ ಬಳಕೆಗೆ ತಂದ ಟ್ರಾನ್ಸಿಟ್ ಉಪಗ್ರಹಗಳು 1,100 ಕಿಲೋಮೀಟರ್ ಎತ್ತರದಲ್ಲಿದ್ದವು. ಕೆಲವೇ ಇದ್ದುದರಿಂದ ಒಂದು ಹಾದುಹೋಗುವವರೆಗೆ ಹಡಗಿನವರು ಕಾಯಬೇಕಿತ್ತು. ತೊಡಕು ಇಂದಿಗೂ ಅದೇ. ತಗ್ಗಿನಲ್ಲಿರುವ ಉಪಗ್ರಹಕ್ಕೆ ಕಾಣುವ ನೆಲ ಕಡಿಮೆ, ಹಾಗಾಗಿ ನೂರಾರು ಬೇಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆ ಸೆಲೆಸ್ಟ್ ಎಂಬ ಯೋಜನೆಯಲ್ಲಿ ಇದನ್ನು ಪರೀಕ್ಷಿಸಲು ಹೊರಟಿದೆ.

ಇದನ್ನೆಲ್ಲ ಪಕ್ಕದ ತೋಟದವರಿಗೂ ವಿವರಿಸಿದೆ. ತಾಳ್ಮೆಯಿಂದ ಕೇಳಿ, "ಅಲ್ಲಿಯವರೆಗೆ ನಮ್ಮ ಬದಿ ಅಳೆಯುವಾಗ ಟೋಟಲ್ ಸ್ಟೇಷನ್ ತನ್ನಿ" ಎಂದರು.