ಶಿವರಾತ್ರಿ ಕಳೆದ ಮೇಲೆ ಬಂದ ಚಿಟ್ಟೆಗಳು

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತಾ ಓಡಿಹೋಗುತ್ತದೆ ಎನ್ನುತ್ತಾರೆ. ಚಿತ್ರದುರ್ಗದಲ್ಲಿ ಅದು ಓಡಿದ ಮರುದಿನವೇ ಬಿಸಿಲು ಬಂದು ಬಂಡೆಗಳ ಮೇಲೆ ಕೂತುಬಿಡುತ್ತದೆ. ಆ ವರ್ಷ ಮಾತ್ರ ಹಾಗಾಗಲಿಲ್ಲ. ಹಬ್ಬಕ್ಕೆ ಹತ್ತು ದಿನ ಮೊದಲು ಎರಡು ರಾತ್ರಿ ಒಳ್ಳೆಯ ಮಳೆ ಬಿತ್ತು. ಆಮೇಲೂ ಮೋಡ ಚದುರಲಿಲ್ಲ. ಕಡಲೆ ಕಿತ್ತು ಕಣಕ್ಕೆ ಹಾಕಿದ್ದವರು ಆಕಾಶಕ್ಕೆ ಶಾಪ ಹಾಕುತ್ತಿದ್ದರು. ನಾನು ಹಬ್ಬ ಕಳೆದ ಭಾನುವಾರ ನೋಟ್‌ಪುಸ್ತಕ ಹಿಡಿದು ಚಂದ್ರವಳ್ಳಿಗೆ ಹೊರಟೆ. ಇನ್ನೊಬ್ಬರ ನಷ್ಟದ ಮಳೆಯಲ್ಲಿ ಖುಷಿ ಹುಡುಕುತ್ತೀಯಾ ಎಂದು ಯಾರಾದರೂ ಬೈದಿದ್ದರೆ ಉತ್ತರವಿರಲಿಲ್ಲ.

ಆರು ವರ್ಷದಿಂದ ಚಿಟ್ಟೆಗಳ ಲೆಕ್ಕ ಬರೆಯುತ್ತಿದ್ದೇನೆ. ನಮ್ಮದು ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ಊರು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಪುಟಗಳು ತುಂಬುತ್ತವೆ. ಫೆಬ್ರುವರಿ, ಮಾರ್ಚ್‌ನಲ್ಲಿ ಎಕ್ಕದ ಗಿಡದ ಕಿತ್ತಳೆ ಚಿಟ್ಟೆಯೊಂದೇ ಗತಿ. ಎಕ್ಕ ಬೇಸಿಗೆಗೂ ಬಾಡುವುದಿಲ್ಲ, ಹಾಗಾಗಿ ಅದನ್ನು ತಿಂದು ಬೆಳೆಯುವ ಹುಳುವಿಗೂ ಬರಗಾಲವಿಲ್ಲ. ಆ ಎಲೆಯ ವಿಷವೇ ಅದರ ಮೈಗೂ ಸೇರುವುದರಿಂದ ರುಚಿ ನೋಡಿದ ಹಕ್ಕಿ ಮತ್ತೆ ಬಾಯಿ ಹಾಕುವುದಿಲ್ಲ.

ಒಂಬತ್ತೂವರೆಯವರೆಗೆ ಏನೂ ಕಾಣಲಿಲ್ಲ. ಬಿಸಿಲಿಗೆ ಮೈ ಕಾಯದೆ ಚಿಟ್ಟೆ ಏಳುವುದಿಲ್ಲ. ಮೋಡ ಸ್ವಲ್ಪ ಬಿರಿಯಿತು, ನೋಡಿ, ಕೆರೆಯ ಅಂಚಿನ ಒದ್ದೆ ಮರಳು ತಿಳಿಹಳದಿಯಾಯಿತು. ಕಕ್ಕೆ ಮರದ ಎಲೆ ತಿಂದು ಬೆಳೆಯುವ ಚಿಟ್ಟೆಗಳು ಸಾಲಾಗಿ ಕೂತು ಕೆಸರಿನ ಉಪ್ಪನ್ನು ಹೀರುತ್ತಿದ್ದವು. ಹೀಗೆ ಕೆಸರಿಗಿಳಿಯುವವು ಬಹುಪಾಲು ಗಂಡುಗಳೇ. ಎರಡು ಸಲ ಎಣಿಸಿದೆ, ಒಮ್ಮೆ ನಲವತ್ತಮೂರು, ಇನ್ನೊಮ್ಮೆ ಮೂವತ್ತೊಂಬತ್ತು.

ಸೌತೆಕಾಯಿ ಮಾರುವ ಅಜ್ಜಿ ಬುಟ್ಟಿ ಇಳಿಸಿ ನಿಂತರು. “ಮಳೆಗಾಲದ ಪಾತರಗಿತ್ತಿ ಈಗ ಬಂದಿವೆಯಲ್ಲಪ್ಪಾ! ಇವುಗಳ ತಲೆ ಕೆಟ್ಟಿದೆಯೋ, ಕಾಲದ್ದೋ?”

ಮೇಲಿನ ಇಳಿಜಾರಿನಲ್ಲಿ ಸೀತಾಫಲದ ಬೋಳು ಕೊಂಬೆಗಳು ಚಿಗುರಿದ್ದವು. ಕಪ್ಪು ರೆಕ್ಕೆಗೆ ಹಸಿರು ಚುಕ್ಕೆಯಿಟ್ಟ ಬಾಲದ ಚಿಟ್ಟೆಯೊಂದು ಆ ಎಳೆ ಎಲೆಗಳಿಗೆ ಒಂದೊಂದೇ ಮೊಟ್ಟೆ ಅಂಟಿಸುತ್ತಾ ಹೋಗುತ್ತಿತ್ತು. ಮಕರಂದ ಹೀರುವಾಗಲೂ ರೆಕ್ಕೆ ನಿಲ್ಲಿಸದ ಜಾತಿ ಅದು. ನನ್ನ ಮೊಬೈಲ್‌ಗೆ ಸಿಕ್ಕಿದ್ದು ಹಸಿರು ಮಸುಕು ಮಾತ್ರ.

ಬಂಡೆಯ ಬುಡದ ಒಣಎಲೆಗಳಿಂದ ಒಂದು ‘ಎಲೆ’ ಎದ್ದು ಹಾರಿ ಮತ್ತೆ ಬಿತ್ತು. ಸಂಜೆ ದೀಪಕ್ಕೆ ಮನೆಯೊಳಗೆ ನುಗ್ಗುವ ಕಂದು ಚಿಟ್ಟೆ. ಮಳೆಗಾಲದಲ್ಲಿ ಇದರ ರೆಕ್ಕೆಯ ಅಡಿಭಾಗದಲ್ಲಿ ಕಣ್ಣಿನಂಥ ಬೊಟ್ಟುಗಳಿರುತ್ತವೆ, ಒಣಗಾಲದಲ್ಲಿ ಬರೀ ತರಗೆಲೆಯ ಬಣ್ಣ. ಯಾವುದನ್ನು ಉಡಬೇಕೆಂಬುದು ಹುಳುವಾಗಿದ್ದಾಗಲೇ ತೀರ್ಮಾನವಾಗಿರುತ್ತದೆ. ಮಂಡಿಯೂರಿ ನೋಡಿದೆ. ಬೊಟ್ಟಿಲ್ಲ, ಬೇಸಿಗೆಯ ಉಡುಪೇ. ಅಂದರೆ ಇದು ಈ ಮಳೆಯ ಕೂಸಲ್ಲ, ಮಳೆಗೆ ಮೊದಲೇ ಬೆಳೆದದ್ದು. ಖುಷಿ ಅಲ್ಲಿಗೆ ಇಳಿಯಿತು. ಈ ಮಳೆಯ ಕೂಸುಗಳು ಆ ಚಿಗುರಿನ ಮೇಲಿನ ಮೊಟ್ಟೆಗಳು. ಬಿಸಿಲು ತನ್ನ ಜಾಗಕ್ಕೆ ಮರಳಿದರೆ ಚಿಗುರು ಎಷ್ಟು ದಿನ?

ಎರಡು ವಾರದ ಮೇಲೆ ಹೋದೆ. ಸೀತಾಫಲದ ಎಳೆ ಎಲೆಗಳು ಹಪ್ಪಳವಾಗಿದ್ದವು. ಒಂದು ಹುಳುವೂ ಸಿಗಲಿಲ್ಲ. ಕೆರೆಯಂಚಿನ ಮರಳು ಒಣಗಿತ್ತು. ಅಜ್ಜಿಯ ಸೌತೆಕಾಯಿಗೆ ಮಾತ್ರ ಗಿರಾಕಿ ಹೆಚ್ಚಾಗಿತ್ತು.

ಮನೆಗೆ ಬಂದರೆ, ತಾರಸಿಯ ಕರಿಬೇವಿನ ಕುಂಡದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಮೂರು ಮರಿಹುಳು. ನಿಂಬೆ ಚಿಟ್ಟೆಯವು. ಅಮ್ಮ ಆಗಲೇ ಕಡ್ಡಿ ಹಿಡಿದು ನಿಂತಿದ್ದಳು.

“ಕೀಳಬೇಡಮ್ಮಾ.”

“ಸಾರಿನ ಒಗ್ಗರಣೆಗೆ ಏನು ಹಾಕಲಿ, ನಿನ್ನ ನೋಟ್‌ಪುಸ್ತಕವನ್ನೇ?”

ಆದರೂ ಬಿಟ್ಟಳು. ಕುಂಡಕ್ಕೆ ದಿನಕ್ಕೆರಡು ಸಲ ನೀರು ಬೀಳತೊಡಗಿತು; ಕರಿಬೇವು ತರಕಾರಿ ಗಾಡಿಯಿಂದ ಬಂತು. ಹುಳುಗಳು ದಪ್ಪವಾಗಿ ಹಸಿರಾದವು. ಅಮ್ಮ ಒಂದನ್ನು ಮುಟ್ಟಿ ನೋಡಿದಾಗ ಅದು ತಲೆಯ ಹಿಂದಿನಿಂದ ಕೆಂಪು ಕೋಡು ಚಾಚಿ ವಾಸನೆ ಬಿಟ್ಟಿತು, ಅವಳು ಮೂರು ಸಲ ಕೈ ತೊಳೆದಳು. ಎರಡನ್ನು ಹಕ್ಕಿ ಒಯ್ದಿತು. ಉಳಿದದ್ದು ಪಕ್ಕದ ಒಣಕಡ್ಡಿಗೆ ಹೋಗಿ, ಕಡ್ಡಿಯದೇ ಕಂದು ಬಣ್ಣದ ಕೋಶವಾಯಿತು.

ಅದು ಒಡೆದ ದಿನ ನಾನು ಕಚೇರಿಯಲ್ಲಿದ್ದೆ. ಸಂಜೆ ನೋಟ್‌ಪುಸ್ತಕ ತೆರೆದರೆ ಮಾರ್ಚ್‌ನ ಪುಟದಲ್ಲಿ ಅಮ್ಮನ ಅಕ್ಷರ: “ಒಂದು. ಬೆಳಿಗ್ಗೆ ಎಂಟೂವರೆ. ನೆಂಟರ ಹಾಗೆ ಅರ್ಧ ಗಂಟೆ ಕೂತು ಹೋಯಿತು. ಗಿಡದಲ್ಲಿ ಎಲೆ ಇಲ್ಲ.”